ಅಂಚೆಯಲ್ಲಿ ಬಂದ ನಿಕ್ಕರು

ಮಕ್ಕಳೇ, ಈ ವಾರ ಒಂದು ಒಗಟಿನಿಂದ ಶುರು ಮಾಡೋಣ. 1884ರಲ್ಲಿ ಅಮೆರಿಕದಲ್ಲಿ ತೆಗೆದ ಒಂದು ಫೋಟೋ ಇದೆ. ಎರಡೂವರೆ ವರ್ಷದ ಮಗುವೊಂದು ಸ್ಟೂಲಿನ ಮೇಲೆ ಗಂಭೀರವಾಗಿ ಕೂತಿದೆ. ಮೈಮೇಲೆ ಬಿಳಿ ಲಂಗ. ಭುಜದವರೆಗೆ ಇಳಿಬಿದ್ದ ಕೂದಲು. ಕಾಲಿಗೆ ಮಿರಮಿರ ಮಿಂಚುವ ಬೂಟು. ಕೈಯಲ್ಲಿ ಪುಕ್ಕ ಸಿಕ್ಕಿಸಿದ ಟೋಪಿ. ಈ ಪುಟ್ಟಿ ಯಾರು ಹೇಳಿ?

ಪುಟ್ಟಿ ಅಲ್ಲ, ಪುಟ್ಟ! ಮುಂದೆ 1933ರಿಂದ 1945ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಬಾಲ್ಯದ ಚಿತ್ರ ಅದು. ನಗಬೇಡಿ. ಆ ಕಾಲದಲ್ಲಿ ಅಲ್ಲಿ ಐದಾರು ವರ್ಷದವರೆಗೆ ಗಂಡು ಮಗುವಾಗಲಿ ಹೆಣ್ಣು ಮಗುವಾಗಲಿ, ಇಬ್ಬರಿಗೂ ಫ್ರಾಕೇ. ಅದಕ್ಕೆ ಕಾರಣವೂ ಸರಳ. ಮೂತ್ರದ ಬಟ್ಟೆ ಬದಲಾಯಿಸಲು ಸುಲಭ, ಮಗು ಬೆಳೆದರೂ ಬೇಗ ಗಿಡ್ಡವಾಗುವುದಿಲ್ಲ, ಬಿಳಿ ಹತ್ತಿಬಟ್ಟೆಯಾದರೆ ಕುದಿಸಿ ಒಗೆಯಬಹುದು. ಗುಲಾಬಿ ಹುಡುಗಿಯರಿಗೆ, ನೀಲಿ ಹುಡುಗರಿಗೆ ಎಂಬ ಲೆಕ್ಕವೂ ಆಗ ಗಟ್ಟಿಯಾಗಿರಲಿಲ್ಲ. 1918ರಲ್ಲಿ ಅಲ್ಲಿನ ಬಟ್ಟೆ ವ್ಯಾಪಾರದ ಪತ್ರಿಕೆಯೊಂದು ಗುಲಾಬಿ ಬಣ್ಣ ಗಂಡುಮಕ್ಕಳಿಗೆ ಒಪ್ಪುತ್ತದೆ, ನೀಲಿ ಹೆಣ್ಣುಮಕ್ಕಳಿಗೆ ಎಂದೇ ಬರೆದಿತ್ತು.

ಫ್ರಾಕು ಬಿಟ್ಟ ಮೇಲೆ ಹುಡುಗನಿಗೆ ಮೊಳಕಾಲಿನವರೆಗಿನ ಚಡ್ಡಿ. ಮೀಸೆ ಚಿಗುರುವ ಹೊತ್ತಿಗೆ ಉದ್ದ ಪ್ಯಾಂಟು. ಹೀಗೆ ಬಟ್ಟೆಯೇ ಒಂದು ಏಣಿ. ಹುಡುಗ ಯಾವ ಮೆಟ್ಟಿಲಲ್ಲಿದ್ದಾನೆ ಎಂಬುದು ದೂರದಿಂದಲೇ ಗೊತ್ತಾಗುತ್ತಿತ್ತು.

ರೂಸ್‌ವೆಲ್ಟರದು ಸಿರಿವಂತರ ಮನೆ. ಅಂಥವರ ಮಕ್ಕಳ ಫೋಟೋಗಳು ಉಳಿಯುತ್ತವೆ. ರೈತನ ಮಗ, ಗಣಿ ಕಾರ್ಮಿಕನ ಮಗ, ರೈಲ್ವೆ ಕೂಲಿಯ ಮಗ ಏನು ತೊಡುತ್ತಿದ್ದ? ಅದನ್ನು ತಿಳಿಯಲು ಒಂದು ಒಳ್ಳೆಯ ದಾರಿ ಇದೆ. ಅದೇ ಅಮೆರಿಕದ ಅಂಚೆ ಅಂಗಡಿಗಳ ಕ್ಯಾಟಲಾಗು. ಸಾಮಾನಿನ ಚಿತ್ರ, ವಿವರ, ಬೆಲೆ ಅಚ್ಚು ಮಾಡಿದ ದಪ್ಪ ಪುಸ್ತಕ. ಅಮೆರಿಕದಲ್ಲಿರುವ ನನ್ನ ಮಗ ಒಮ್ಮೆ ರಜೆಗೆ ಬಂದಾಗ 1897ರ ಸಿಯರ್ಸ್ ಕ್ಯಾಟಲಾಗಿನ ಮರುಮುದ್ರಣ ತಂದುಕೊಟ್ಟ. ಇಟ್ಟಿಗೆಯಷ್ಟು ದಪ್ಪ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಬಿ.ಕಾಂ. ಓದಿದವನು. ಅಂಕಿ ಇರುವ ಪುಸ್ತಕ ಸಿಕ್ಕರೆ ಕಾದಂಬರಿಯಂತೆ ಓದುತ್ತೇನೆ. ಗಡಿಯಾರ, ಹೊಲಿಗೆ ಯಂತ್ರ, ಕುದುರೆಯ ಜೀನು ಎಲ್ಲವನ್ನೂ ದಾಟಿ ಹುಡುಗರ ಬಟ್ಟೆಯ ಪುಟಗಳಿಗೆ ಬಂದವನು ಅಲ್ಲೇ ನಿಂತುಬಿಟ್ಟೆ.

ಒಂದು ಹಾಳೆಯಿಂದ ಐನೂರು ಪುಟಕ್ಕೆ

ಮೊದಲು ಆ ಅಂಗಡಿಯ ಕಥೆ. ಆಗ ಅಮೆರಿಕದ ಬಹುಪಾಲು ಜನ ಹಳ್ಳಿಗಳಲ್ಲಿ, ಹೊಲಮನೆಗಳಲ್ಲಿ ಇದ್ದರು. ಊರಿಗೊಂದು ಅಂಗಡಿ. ಅಲ್ಲಿ ಇದ್ದದ್ದನ್ನೇ ಕೊಳ್ಳಬೇಕು, ಅಂಗಡಿಯವನು ಹೇಳಿದ್ದೇ ಬೆಲೆ. 1872ರಲ್ಲಿ ಷಿಕಾಗೋ ನಗರದ ಆರನ್ ಮಾಂಟ್‌ಗೊಮೆರಿ ವಾರ್ಡ್ ಎಂಬಾತ ಒಂದೇ ಒಂದು ಹಾಳೆಯಲ್ಲಿ 163 ಸಾಮಾನುಗಳ ಪಟ್ಟಿ ಅಚ್ಚು ಹಾಕಿಸಿ ರೈತರಿಗೆ ಹಂಚಿದ. ಬೇಕಾದ್ದನ್ನು ಬರೆದು ಕಳಿಸಿ, ರೈಲಿನಲ್ಲಿ ಸಾಮಾನು ಬರುತ್ತದೆ ಎಂದ. ಮೂರು ವರ್ಷ ಕಳೆದು ಇನ್ನೊಂದು ಮಾತು ಸೇರಿಸಿದ: ಒಪ್ಪಿಗೆಯಾಗದಿದ್ದರೆ ಹಣ ವಾಪಸ್.

ಮಿನೆಸೋಟ ರಾಜ್ಯದಲ್ಲಿ ರಿಚರ್ಡ್ ಸಿಯರ್ಸ್ ಎಂಬ ತರುಣ ರೈಲ್ವೆ ಸ್ಟೇಷನ್ ಏಜೆಂಟನಾಗಿದ್ದ. 1886ರಲ್ಲಿ ಒಬ್ಬ ವ್ಯಾಪಾರಿ ಬೇಡವೆಂದು ಬಿಟ್ಟ ಜೇಬುಗಡಿಯಾರಗಳ ಪೆಟ್ಟಿಗೆಯನ್ನು ತಾನೇ ಕೊಂಡು ಮಾರಿ ಲಾಭ ಮಾಡಿದ. ಗಡಿಯಾರ ರಿಪೇರಿ ಮಾಡುವ ಆಲ್ವಾ ರೋಬಕ್ ಜೊತೆಯಾದ. 1893ರ ಹೊತ್ತಿಗೆ ಸಿಯರ್ಸ್ ರೋಬಕ್ ಕಂಪನಿ ಹುಟ್ಟಿತು. 1895ರ ಕ್ಯಾಟಲಾಗು 532 ಪುಟ! ತನ್ನ ಪುಸ್ತಕವನ್ನು ವಾರ್ಡ್‌ನ ಪುಸ್ತಕಕ್ಕಿಂತ ಸ್ವಲ್ಪ ಸಣ್ಣ ಆಕಾರದಲ್ಲಿ ಸಿಯರ್ಸ್ ಅಚ್ಚು ಹಾಕಿಸಿದನಂತೆ. ಮನೆಯೊಡತಿ ಎರಡನ್ನೂ ಪೇರಿಸಿಡುವಾಗ ಸಣ್ಣದು ಮೇಲೆ ಬರುತ್ತದಲ್ಲ, ಅದಕ್ಕೆ! ವ್ಯಾಪಾರಿಯ ತಲೆ ಅಂದರೆ ಅದು.

ಅಂಚೆಯೂ ನೆರವಾಯಿತು. 1896ರಿಂದ ಹಳ್ಳಿಯ ಹೊಲಮನೆಗಳ ಬಾಗಿಲಿಗೇ ಉಚಿತವಾಗಿ ಟಪಾಲು ತಲುಪಿಸುವ ಏರ್ಪಾಡು ಶುರುವಾಯಿತು. 1913ರ ಜನವರಿ 1ರಿಂದ ಪಾರ್ಸೆಲ್ ಅಂಚೆಯೂ ಬಂತು. ಷಿಕಾಗೋದಲ್ಲಿ ಮಡಚಿ ಕಟ್ಟಿದ ಚಡ್ಡಿ ನೂರಾರು ಮೈಲಿ ಆಚೆಯ ಹುಡುಗನ ಮನೆ ಮುಂದೆ ಇಳಿಯತೊಡಗಿತು.

ಹೊಸ ಕ್ಯಾಟಲಾಗು ಬಂತೆಂದರೆ ಹಳೆಯದು ಮಕ್ಕಳ ಪಾಲು. ಹುಡುಗಿಯರು ಚಿತ್ರ ಕತ್ತರಿಸಿ ಕಾಗದದ ಬೊಂಬೆ ಮಾಡುತ್ತಿದ್ದರು. ಉಳಿದ ಹಾಳೆಗಳು ಹಿತ್ತಲಿನ ಕಕ್ಕಸಿಗೆ ಹೋಗುತ್ತಿದ್ದವು, ಯಾಕೆಂದು ನಿಮ್ಮ ಅಜ್ಜಿಯನ್ನು ಕೇಳಿ, ಊಟದ ಹೊತ್ತಿನಲ್ಲಿ ಮಾತ್ರ ಬೇಡ.

ನಾವಿಕ, ಜಮೀನ್ದಾರ, ತುಂಟ

ಈಗ ಹುಡುಗರ ಪುಟಕ್ಕೆ ಬರೋಣ. ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ನಾವಿಕರ ಉಡುಪು. ಬೆನ್ನ ಮೇಲೆ ಚೌಕಾಕಾರವಾಗಿ ಬೀಳುವ ದೊಡ್ಡ ಕಾಲರು, ಅಂಚಿಗೆ ಬಿಳಿ ಪಟ್ಟಿ, ಎದೆಯ ಮೇಲೆ ಟೈ. ಸಮುದ್ರವನ್ನೇ ನೋಡದ ಗೋಧಿ ಹೊಲದ ಹುಡುಗನೂ ನಾವಿಕ. ಇದು ಬ್ರಿಟನ್ನಿನಿಂದ ಬಂದದ್ದು. 1846ರಲ್ಲಿ ವಿಕ್ಟೋರಿಯಾ ರಾಣಿಯ ನಾಲ್ಕು ವರ್ಷದ ಮಗನಿಗೆ ನೌಕಾಪಡೆಯವರ ಬಟ್ಟೆ ಹೊಲಿಸಿ ತೊಡಿಸಿದ್ದರು. ಆ ವೇಷದಲ್ಲಿ ರಾಜಕುಮಾರನ ಚಿತ್ರವನ್ನು ವಿಂಟರ್‌ಹಾಲ್ಟರ್ ಎಂಬ ಕಲಾವಿದ ಬಿಡಿಸಿದ. ಆಮೇಲೆ ಲೋಕದ ಅಮ್ಮಂದಿರಿಗೆಲ್ಲ ಅದೇ ಬೇಕಾಯಿತು.

ಎರಡನೆಯದು ಪುಟ್ಟ ಜಮೀನ್ದಾರನ ವೇಷ. 1886ರಲ್ಲಿ ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ ಎಂಬ ಲೇಖಕಿಯ ‘ಲಿಟಲ್ ಲಾರ್ಡ್ ಫಾಂಟ್ಲರಾಯ್’ ಎಂಬ ಮಕ್ಕಳ ಕಾದಂಬರಿ ಬಂತು. ಅಮೆರಿಕದಲ್ಲಿ ಬೆಳೆದ ಬಡ ಹುಡುಗನಿಗೆ ಇಂಗ್ಲೆಂಡಿನ ಶ್ರೀಮಂತ ಮನೆತನದ ಹಕ್ಕು ಸಿಗುವ ಕಥೆ. ಪುಸ್ತಕದ ಚಿತ್ರಗಳಲ್ಲಿ ಆ ಹುಡುಗನಿಗೆ ಮಖಮಲ್ಲಿನ ಕೋಟು, ಚಡ್ಡಿ, ಅಗಲವಾದ ಲೇಸಿನ ಕಾಲರು, ಉದ್ದನೆಯ ಗುಂಗುರು ಕೂದಲು. ಅಮ್ಮಂದಿರು ಮರುಳಾದರು. ಕ್ಯಾಟಲಾಗುಗಳು ನಿರಿಗೆ ಕಾಲರಿನ ಅಂಗಿ ಮಾರಿದವು. ಹುಡುಗರಿಗೆ ಮಾತ್ರ ಅದನ್ನು ಕಂಡರಾಗದು. ಲೇಸು ತೊಟ್ಟು ಗೋಲಿ ಆಡಲಿಕ್ಕಾಗುತ್ತದೆಯೇ?

ಮೂರನೆಯದು ತುಂಟ ಬಸ್ಟರ್ ಬ್ರೌನ್. 1902ರಲ್ಲಿ ರಿಚರ್ಡ್ ಔಟ್ಕಾಲ್ಟ್ ಎಂಬ ವ್ಯಂಗ್ಯಚಿತ್ರಕಾರ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಹುಟ್ಟಿಸಿದ ಹುಡುಗ ಅವನು. ಮನೆಯೆಲ್ಲ ಹಾರಾಡಿಸುವ ಕಿಲಾಡಿ, ಜೊತೆಗೆ ಟೈಗ್ ಎಂಬ ನಾಯಿ. ಸೊಂಟಕ್ಕಿಂತ ಕೆಳಗೆ ಬೆಲ್ಟು ಬಿಗಿದ ಜುಬ್ಬದಂಥ ಅಂಗಿ, ದುಂಡು ಕಾಲರು, ದೊಡ್ಡ ಬೋ, ಗಿಡ್ಡ ಚಡ್ಡಿ ಅವನ ಉಡುಗೆ. ಅದೂ ಮಾರಾಟಕ್ಕೆ ಬಂತು. ಬಸ್ಟರ್ ಬ್ರೌನ್ ಹೆಸರಿನ ಬೂಟಂತೂ ಮನೆಮಾತಾಯಿತು. ಇವತ್ತು ನಿಮ್ಮ ಚೀಲದ ಮೇಲೆ, ಬನಿಯನ್ನಿನ ಮೇಲೆ ಕಾರ್ಟೂನಿನವರು ಕೂತಿರುವುದು ಹೊಸ ಸಂಗತಿಯೇನಲ್ಲ. ನೂರಿಪ್ಪತ್ತು ವರ್ಷದ ಹಿಂದೆಯೇ ವ್ಯಾಪಾರಿಗಳು ಈ ಗುಟ್ಟು ಕಂಡುಕೊಂಡಿದ್ದರು.

ಇವೆಲ್ಲ ಚಿಕ್ಕವರಿಗೆ. ಶಾಲೆಗೆ ಹೋಗುವ ದೊಡ್ಡ ಹುಡುಗನಿಗೆ ನಾರ್ಫೋಕ್ ಕೋಟು. ಮುಂದೆ ಹಿಂದೆ ಉದ್ದುದ್ದ ಮಡಿಕೆ, ಸೊಂಟಕ್ಕೆ ಅದೇ ಬಟ್ಟೆಯ ಪಟ್ಟಿ. ಹೊಲದ ಕೆಲಸಕ್ಕೆ ಅಪ್ಪನದೇ ಸಣ್ಣ ಪ್ರತಿಯಂತಿರುವ ಓವರಾಲು: ಗಟ್ಟಿ ಡೆನಿಮ್ ಬಟ್ಟೆ, ಎದೆಯ ಮೇಲೊಂದು ತುಂಡು, ಹೆಗಲಿಗೆ ಎರಡು ಪಟ್ಟಿ. ಚಳಿಗಾಲಕ್ಕೆ ಕುತ್ತಿಗೆಯಿಂದ ಕಣಕಾಲಿನವರೆಗೆ ಒಂದೇ ತುಂಡಿನ ಒಳ ಉಡುಪು. ಹಿಂಭಾಗದಲ್ಲಿ ಗುಂಡಿ ಹಾಕುವ ಕಿಟಕಿ. ಅದು ಯಾವ ಕೆಲಸಕ್ಕೆ ಎಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ನಿಕ್ಕರಿನ ಮುತ್ತಜ್ಜ

1910ರ ಆಸುಪಾಸಿಗೆ ನೇರವಾಗಿ ಕತ್ತರಿಸಿದ ಮೊಳಕಾಲು ಚಡ್ಡಿ ಹಿಂದೆ ಸರಿದು, ದೊಗಲೆಯಾಗಿ ಇಳಿದು ಮೊಳಕಾಲಿನ ಕೆಳಗೆ ಪಟ್ಟಿ ಬಿಗಿಯುವ ಚಡ್ಡಿ ಮುಂದೆ ಬಂತು. ಅದರ ಹೆಸರು ನಿಕರ್‌ಬಾಕರ್. ಮೊಟಕಾಗಿ ನಿಕರ್ಸ್.

ಈ ಹೆಸರಿನ ಹಿಂದೆ ಒಂದು ತಮಾಷೆ ಇದೆ. 1809ರಲ್ಲಿ ವಾಷಿಂಗ್ಟನ್ ಅರ್ವಿಂಗ್ ಎಂಬ ಲೇಖಕ ನ್ಯೂಯಾರ್ಕಿನ ಹಾಸ್ಯದ ಇತಿಹಾಸವೊಂದನ್ನು ಬರೆದು, ಅದನ್ನು ಬರೆದವನು ಡೀಡ್ರಿಕ್ ನಿಕರ್‌ಬಾಕರ್ ಎಂಬ ಡಚ್ ಮುದುಕ ಎಂದು ಹೇಳಿಕೊಂಡ. ಅಂಥ ಮುದುಕ ಇರಲೇ ಇಲ್ಲ! ಮುಂದೆ ಆ ಪುಸ್ತಕಕ್ಕೆ ಜಾರ್ಜ್ ಕ್ರೂಕ್‌ಶ್ಯಾಂಕ್ ಎಂಬ ಚಿತ್ರಕಾರ ಬಿಡಿಸಿದ ಚಿತ್ರಗಳಲ್ಲಿ ಡಚ್ಚರೆಲ್ಲ ದೊಗಲೆ ಚಡ್ಡಿಯವರು. ಅಲ್ಲಿಂದ ಆ ಚಡ್ಡಿಗೆ ಈ ಹೆಸರು ಅಂಟಿತು. ಇಂಗ್ಲಿಷಿನವರ ಬಾಯಲ್ಲಿ ನಮ್ಮ ದೇಶಕ್ಕೂ ಬಂದು ಕನ್ನಡದಲ್ಲಿ ‘ನಿಕ್ಕರು’ ಆಯಿತು. ದೊಗಲೆ ಹೋಯಿತು, ಪಟ್ಟಿ ಹೋಯಿತು, ಹೆಸರು ಉಳಿಯಿತು. ಹೈಸ್ಕೂಲಿನವರೆಗೆ ಖಾಕಿ ನಿಕ್ಕರು ತೊಟ್ಟ ಅಜ್ಜಂದಿರೇ, ಇಲ್ಲದ ಒಬ್ಬ ಡಚ್ ಮುದುಕನ ಹೆಸರನ್ನು ನಾವೆಲ್ಲ ಸೊಂಟಕ್ಕೆ ಕಟ್ಟಿಕೊಂಡು ತಿರುಗಿದ್ದೇವೆ.

ನಿಕ್ಕರಿಗೆ ಹುಡುಗರು ಇಷ್ಟಪಟ್ಟ ಬಟ್ಟೆ ಕಾರ್ಡುರಾಯ್. ಗೀರುಗೀರಾದ ದಪ್ಪ ಹತ್ತಿಬಟ್ಟೆ. ನಡೆದರೆ ತೊಡೆಗೆ ತೊಡೆ ಉಜ್ಜಿ ಜುಯ್ ಜುಯ್ ಸದ್ದು. ಕದ್ದು ಅಡುಗೆಮನೆಗೆ ಹೋಗುವಂತಿಲ್ಲ.

ಹುಡುಗರ ಬಟ್ಟೆ ಮೊದಲು ಹರಿಯುವುದು ಎಲ್ಲಿ? ಯಾವ ದೇಶದಲ್ಲಾದರೂ ಎರಡೇ ಜಾಗ, ಮೊಳಕಾಲು ಮತ್ತು ಕುಂಡಿ. ಕೋಟು ಎರಡು ವರ್ಷ ಬಂದರೆ ಚಡ್ಡಿ ಒಂದು ವರ್ಷಕ್ಕೆ ಸುಸ್ತು. ಆದ್ದರಿಂದ ಒಂದು ಕೋಟಿಗೆ ಎರಡು ನಿಕ್ಕರು ಸೇರಿಸಿ ಮಾರುವ ಪದ್ಧತಿ ಬಂತು. ಬಟ್ಟೆಯ ವಿವರದಲ್ಲಿ ಬಣ್ಣಕ್ಕಿಂತ ಹೆಚ್ಚಾಗಿ ಗಟ್ಟಿತನದ ಮಾತೇ ಇರುತ್ತಿತ್ತು. ಜೋಡಿ ಹೊಲಿಗೆ, ಒಳಗೆ ಇನ್ನೊಂದು ಪದರ, ಮೊಳಕಾಲಿಗೆ ಎರಡು ಪಟ್ಟು ದಪ್ಪದ ಕಾಲುಚೀಲ. ಓದಿದವಳು ತಾಯಿ, ತೇಪೆ ಹಾಕಬೇಕಾದವಳೂ ತಾಯಿ. ಆ ವಾಕ್ಯಗಳು ಯಾರಿಗಾಗಿ ಬರೆದವು ಎಂಬುದು ಸ್ಪಷ್ಟ.

ವಯಸ್ಸೆಷ್ಟು? ಮೈ ದೊಡ್ಡದೋ ಸಣ್ಣದೋ?

ಅಂಗಡಿಯಲ್ಲಾದರೆ ಹುಡುಗನನ್ನು ನಿಲ್ಲಿಸಿ ತೊಡಿಸಿ ನೋಡಬಹುದು. ಅಂಚೆಯಲ್ಲಿ ತರಿಸುವಾಗ ಏನು ಮಾಡುವುದು? ಕ್ಯಾಟಲಾಗು ಕೇಳುತ್ತಿದ್ದದ್ದು ಮುಖ್ಯವಾಗಿ ವಯಸ್ಸು. ಜೊತೆಗೆ ಒಂದು ಪ್ರಶ್ನೆ: ವಯಸ್ಸಿಗೆ ಮೈ ದೊಡ್ಡದೋ, ಸಣ್ಣದೋ? ಇದಕ್ಕೆ ಉತ್ತರ ಬರೆಯುವ ತಾಯಿಯನ್ನು ನೆನೆಸಿಕೊಳ್ಳಿ. ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸದೆ ಅದು ಗೊತ್ತಾಗುವುದು ಹೇಗೆ? ನಮ್ಮಲ್ಲಾದರೆ ದರ್ಜಿಗೆ ಹೇಳುವ ಮಾತು ಒಂದೇ: ‘ಬೆಳೆಯೋ ಹುಡುಗ, ಸ್ವಲ್ಪ ದೊಡ್ಡದಾಗೇ ಹೊಲಿಯಪ್ಪ.’

ವಯಸ್ಸನ್ನು ನಂಬಿ ಕಳಿಸಿದ ಬಟ್ಟೆ ಎಷ್ಟೋ ಸಲ ವಾಪಸು ಬರುತ್ತಿತ್ತು. ವಾಪಸು ಬಂದ ಪ್ರತಿ ಪಾರ್ಸೆಲ್ಲೂ ಕಂಪನಿಗೆ ನಷ್ಟ. ಇಲ್ಲಿ ಒಂದು ದೊಡ್ಡ ಕೆಲಸ ನಡೆಯಿತು. 1937ರಿಂದ 1939ರ ನಡುವೆ ಅಮೆರಿಕ ಸರ್ಕಾರದ ಕೃಷಿ ಇಲಾಖೆಯ ಗೃಹವಿಜ್ಞಾನ ವಿಭಾಗ 4ರಿಂದ 17 ವರ್ಷದ ಸುಮಾರು 1,47,000 ಮಕ್ಕಳ ಮೈ ಅಳೆಯಿಸಿತು. ಒಂದೊಂದು ಮಗುವಿಗೆ 36 ಅಳತೆ! ಎತ್ತರ, ಎದೆ, ಸೊಂಟ, ತೋಳು, ಕಾಲು, ಒಂದನ್ನೂ ಬಿಡಲಿಲ್ಲ. ರೂತ್ ಓಬ್ರಿಯನ್ ಎಂಬ ಮಹಿಳೆ ಈ ಕೆಲಸದ ಮುಂದಾಳು. ಲೆಕ್ಕವೆಲ್ಲ ಕೂಡಿಸಿ ನೋಡಿದಾಗ ಬಂದ ಉತ್ತರ ಇದು: ವಯಸ್ಸು ಬಟ್ಟೆಯ ಅಳತೆಗೆ ಸರಿಯಾದ ಆಧಾರವಲ್ಲ. ಎತ್ತರ ಮತ್ತು ಸೊಂಟದ ಕೆಳಗಿನ ಸುತ್ತಳತೆ, ಈ ಎರಡು ಗೊತ್ತಿದ್ದರೆ ಉಳಿದದ್ದನ್ನು ಸುಮಾರಾಗಿ ಅಂದಾಜು ಮಾಡಬಹುದು.

ನನಗೆ ಈ ಉತ್ತರ ಬಹಳ ಹಿಡಿಸಿತು. ಒಂದೇ ತರಗತಿಯ ಹತ್ತು ವರ್ಷದ ಇಬ್ಬರನ್ನು ನಿಲ್ಲಿಸಿ. ಒಬ್ಬ ತೆಂಗಿನ ಸಸಿ, ಇನ್ನೊಬ್ಬ ಕುಂಬಳದ ಬಳ್ಳಿ. ಇಬ್ಬರಲ್ಲಿ ತಪ್ಪು ಯಾರದೂ ಇಲ್ಲ. ‘ವಯಸ್ಸಿಗೆ ಸಣ್ಣ’ ಎನ್ನಿಸಿಕೊಂಡು ತಲೆ ತಗ್ಗಿಸುತ್ತಿದ್ದ ಹುಡುಗನಿಗೆ ಒಂದೂವರೆ ಲಕ್ಷ ಮಕ್ಕಳ ಲೆಕ್ಕ ಹೇಳಿದ್ದು ಇಷ್ಟೇ: ಮಗೂ, ನೀನು ಸರಿಯಾಗಿದ್ದೀಯ, ಪಟ್ಟಿಯೇ ಸರಿ ಇರಲಿಲ್ಲ. ಮುಂದೆ ಕ್ಯಾಟಲಾಗುಗಳಲ್ಲಿ ಒಂದೇ ಎತ್ತರದ ಹುಡುಗರಿಗೂ ತೆಳ್ಳಗಿನವರು, ಸಾಧಾರಣದವರು, ದಪ್ಪಗಿನವರು ಎಂದು ಬೇರೆ ಬೇರೆ ಅಳತೆಗಳು ಬಂದವು. ಇವತ್ತು ಅಪ್ಪ ಅಮ್ಮ ಮೊಬೈಲಿನಲ್ಲಿ ನಿಮಗೆ ಅಂಗಿ ತರಿಸುವಾಗ ತೆರೆದು ನೋಡುವ ಅಳತೆಯ ಕೋಷ್ಟಕ ಇಂಥ ಕೆಲಸಗಳ ಮೊಮ್ಮಗು.

ಒಂದೇ ಬೆಲೆ, ಒಂದೇ ಸಾಲು

ಇಷ್ಟು ಹೊತ್ತು ತಮಾಷೆಯಾಗಿ ಹೇಳಿದೆ. ಈಗ ಹೇಳುವುದು ಹಾಗಲ್ಲ, ಹಿರಿಯರೂ ಮಕ್ಕಳೂ ಜೊತೆಯಲ್ಲಿ ಓದಿ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಕೊನೆಯಾಯಿತು. ಆದರೆ ಕರಿಯರನ್ನು ಕೀಳಾಗಿ ಕಾಣುವುದು ನಿಲ್ಲಲಿಲ್ಲ. ಊರ ಅಂಗಡಿಗೆ ಕರಿಯ ತಂದೆಯೊಬ್ಬ ಮಗನನ್ನು ಕರೆದುಕೊಂಡು ಹೋದರೆ, ಬಿಳಿಯರೆಲ್ಲ ಕೊಂಡು ಮುಗಿಯುವವರೆಗೆ ಪಕ್ಕದಲ್ಲಿ ನಿಲ್ಲಬೇಕು. ಆಮೇಲೆ ಬಂದವರಿಗೂ ಮೊದಲು ಸಿಗುತ್ತಿತ್ತು. ಒಳ್ಳೆಯ ಬಟ್ಟೆ ಕೇಳಿದರೆ, ನಿನಗೆ ಇದು ಸಾಕು ಎಂದು ಕಳಪೆಯದನ್ನು ತೆಗೆದುಕೊಡುವುದು. ಎಷ್ಟೋ ಕಡೆ ತೊಟ್ಟು ನೋಡಲೂ ಬಿಡುತ್ತಿರಲಿಲ್ಲ. ಹೊಲದ ಸಾಲವೂ ಅದೇ ಅಂಗಡಿಯವನದು, ಎದುರು ಮಾತಾಡುವಂತಿಲ್ಲ. ಮಗನ ಮುಂದೆ ತಂದೆ ಸುಮ್ಮನೆ ನಿಲ್ಲಬೇಕು. ಮಗ ಅದನ್ನು ನೋಡುತ್ತಾ ಬೆಳೆಯಬೇಕು.

ಕ್ಯಾಟಲಾಗಿಗೆ ಮುಖ ನೋಡುವ ಕಣ್ಣಿರಲಿಲ್ಲ. ಅಲ್ಲಿ ಬೆಲೆ ಅಚ್ಚಾಗಿತ್ತು. ಎರಡು ಡಾಲರಿನ ಸೂಟು ಎಂದರೆ ಊರಿನ ಬ್ಯಾಂಕಿನ ಒಡೆಯನ ಮಗನಿಗೂ ಎರಡು ಡಾಲರು, ಗೇಣಿ ರೈತನ ಮಗನಿಗೂ ಎರಡು ಡಾಲರು. ಬಟ್ಟೆ ಅದೇ, ಗುಂಡಿ ಅದೇ. ಹಿಡಿಸದಿದ್ದರೆ ಇಬ್ಬರಿಗೂ ಹಣ ವಾಪಸ್. ಆರ್ಡರಿನ ಕಾಗದವನ್ನು ನೆಟ್ಟಗೆ ಬರೆಯಲು ಬರದವರಿಗೆ, ನಿಮಗೆ ಬಂದ ರೀತಿಯಲ್ಲಿ, ಬಂದ ಭಾಷೆಯಲ್ಲಿ ಬರೆಯಿರಿ, ನಾವು ಓದಿಕೊಳ್ಳುತ್ತೇವೆ ಎಂದು ಸಿಯರ್ಸ್ ಭರವಸೆ ಕೊಟ್ಟಿತ್ತು. ಆಗಷ್ಟೇ ಹಡಗಿನಿಂದ ಇಳಿದು ಬಂದಿದ್ದ ಯುರೋಪಿನ ಬಡವರಿಗೂ ಇದು ಆಸರೆಯಾಯಿತು. ಹಳ್ಳಿಯ ಅಂಚೆ ಕಚೇರಿ ಎಷ್ಟೋ ಕಡೆ ಅಂಗಡಿಯ ಒಳಗೇ ಇರುತ್ತಿತ್ತು. ಅಲ್ಲಿ ಅಡ್ಡಿ ಮಾಡುತ್ತಾರೆಂದು, ಕಾಗದವನ್ನೂ ಹಣವನ್ನೂ ನೇರವಾಗಿ ಟಪಾಲಿನವನ ಕೈಗೆ ಕೊಡುವ ದಾರಿಯನ್ನೂ ಕಂಪನಿ ತೋರಿಸಿತು.

ಊರ ವ್ಯಾಪಾರಿಗಳಿಗೆ ಹೊಟ್ಟೆ ಉರಿಯದೆ ಇದ್ದೀತೇ? ಕೆಲವು ಕಡೆ ಕ್ಯಾಟಲಾಗುಗಳನ್ನು ತರಿಸಿ ರಾಶಿ ಹಾಕಿ ಬೆಂಕಿ ಇಟ್ಟರು ಎಂದು ಇತಿಹಾಸಕಾರರು ಬರೆದಿದ್ದಾರೆ. ವ್ಯಾಪಾರ ಹೋಗುತ್ತದೆಂಬ ಭಯ ಒಂದು ಕಡೆ. ತಮ್ಮ ಮುಂದೆ ಕಾಯುತ್ತಾ ನಿಲ್ಲಬೇಕಾದವರು ಇನ್ನು ಕಾಯುವುದಿಲ್ಲ ಎಂಬ ಸಿಟ್ಟು ಇನ್ನೊಂದು ಕಡೆ.

ನಾನು ವರ್ಷಾನುಗಟ್ಟಲೆ ಬ್ಯಾಂಕಿನ ಕೌಂಟರಿನ ಒಳಗೆ ಕೂತವನು. ಕೌಂಟರಿನ ಹೊರಗೆ ನಿಂತವರು ಎರಡು ಬಗೆ. ಹೆಸರು ಕೂಗುವ ಮೊದಲೇ ಮುಂದೆ ಬರುವವರು, ಕೂಗಿದ ಮೇಲೂ ‘ನನ್ನನ್ನೇ ಕರೆದದ್ದೇ?’ ಎಂದು ಹಿಂದೆ ಮುಂದೆ ನೋಡುವವರು. ಟೋಕನ್ನಿನ ಬಿಲ್ಲೆಯಲ್ಲಿ ಅಂಕಿ ಮಾತ್ರ ಇರುತ್ತದೆ, ಜಾತಿ ಅಂತಸ್ತು ಇರುವುದಿಲ್ಲ. ಆ ಬಿಲ್ಲೆ ಕೈಯಲ್ಲಿ ಹಿಡಿದಾಗ ಎರಡನೆಯ ಬಗೆಯವರ ಮುಖದಲ್ಲಿ ಕಾಣುವ ನೆಮ್ಮದಿಯನ್ನು ನಾನು ಬಲ್ಲೆ. ಅಚ್ಚಾದ ಬೆಲೆ ಆ ತಂದೆಗೆ ಕೊಟ್ಟಿದ್ದೂ ಅಂಥದೇ ನೆಮ್ಮದಿ ಇರಬೇಕು. ಮಗನಿಗೆ ಕೊಟ್ಟದ್ದು ನಿಕ್ಕರು ಮಾತ್ರವಲ್ಲ.

ಕ್ಯಾಟಲಾಗು ಎಲ್ಲರನ್ನೂ ಸಮಾನ ಮಾಡಿಬಿಟ್ಟಿತು ಎಂದು ಮಾತ್ರ ತಿಳಿಯಬೇಡಿ. ಅದರ ಚಿತ್ರಗಳಲ್ಲಿ ಕಾಣುತ್ತಿದ್ದ ಹುಡುಗರು ದಶಕಗಳ ಕಾಲ ಹೆಚ್ಚುಕಡಿಮೆ ಬಿಳಿಯರೇ. ಕೊಳ್ಳುವವನ ಹಣ ಬೇಕಿತ್ತು, ಅವನ ಮಗನ ಮುಖ ಪುಟದ ಮೇಲೆ ಬರಲು ಬಹಳ ಕಾಲ ಬೇಕಾಯಿತು. ಆದರೆ ಆ ಕಂಪನಿಯಲ್ಲಿ ಮುಖ್ಯನಾಗಿದ್ದ ಜೂಲಿಯಸ್ ರೋಸೆನ್‌ವಾಲ್ಡ್ ಎಂಬಾತನ ಹೆಸರನ್ನು ಇಲ್ಲಿ ಹೇಳಲೇಬೇಕು. ಸಿದ್ಧ ಉಡುಪು ಹೊಲಿಸಿ ಮಾರುತ್ತಿದ್ದವನು, 1895ರಲ್ಲಿ ಸಿಯರ್ಸ್ ಸೇರಿದ. ಗಳಿಸಿದ ಹಣದಿಂದ, ಗುಲಾಮಗಿರಿಯಲ್ಲಿ ಹುಟ್ಟಿ ಶಿಕ್ಷಣ ತಜ್ಞನಾದ ಬುಕರ್ ಟಿ. ವಾಷಿಂಗ್ಟನ್ ಜೊತೆ ಸೇರಿ, 1912ರಿಂದ ಮುಂದಿನ ಎರಡು ದಶಕಗಳಲ್ಲಿ ದಕ್ಷಿಣದ ಕರಿಯ ಮಕ್ಕಳಿಗಾಗಿ ಸುಮಾರು 5,000 ಶಾಲೆ ಕಟ್ಟಲು ನೆರವಾದ. ಪೂರ್ತಿ ಹಣ ಅವನದಲ್ಲ. ಊರಿನವರೂ ತಮ್ಮ ಪಾಲು ಹಾಕಬೇಕು, ದುಡ್ಡಿಲ್ಲದವರು ಮರ ಕೊಡಬೇಕು, ದುಡಿಮೆ ಕೊಡಬೇಕು.

ಹಿಟ್ಟಿನ ಚೀಲದ ಅಂಗಿ

ಅಚ್ಚಾದ ಬೆಲೆಯನ್ನೂ ಕೊಡಲಾಗದವರು ಇದ್ದೇ ಇದ್ದರು. 1929ರ ನಂತರ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ ಬಂದಾಗ ಅವರ ಸಂಖ್ಯೆ ಬೆಳೆಯಿತು. ಆಗ ಕ್ಯಾಟಲಾಗು ಬರೀ ಕನಸಿನ ಪುಸ್ತಕ. ತಾಯಂದಿರು ಅದರ ಚಿತ್ರ ನೋಡಿ, ಹಳೆಯ ಪತ್ರಿಕೆಯಲ್ಲಿ ಅಚ್ಚು ಕತ್ತರಿಸಿ, ಹಿಟ್ಟು ಮತ್ತು ಕೋಳಿ ಆಹಾರ ಬರುತ್ತಿದ್ದ ಹತ್ತಿಚೀಲ ಬಿಚ್ಚಿ ಮಕ್ಕಳಿಗೆ ಅಂಗಿ ಹೊಲಿದರು. ಇದನ್ನು ಕಂಡ ಗಿರಣಿಯವರು ಚೀಲದ ಮೇಲೆ ಹೂವು, ಗೆರೆ, ಚೌಕುಳಿ ಅಚ್ಚು ಹಾಕಿಸತೊಡಗಿದರು. ಹಿಟ್ಟಿನ ಚೀಲವನ್ನು ಬಣ್ಣ ನೋಡಿ ಆರಿಸುವ ಕಾಲ! ಅಣ್ಣನ ಅಂಗಿ ತಮ್ಮನಿಗೆ, ಅಪ್ಪನ ಕೋಟು ಕತ್ತರಿಸಿ ಮಗನಿಗೆ. ಅಜ್ಜಿಯಂದಿರೇ, ಇದೆಲ್ಲ ನಿಮಗೆ ಹೊಸದೇನಲ್ಲ, ಅಲ್ಲವೇ?

ಅದೇ 1930ರ ದಶಕದಲ್ಲಿ ನಿಕ್ಕರಿನ ದಿನಗಳೂ ಮುಗಿಯುತ್ತಾ ಬಂದವು. ಮಕ್ಕಳು ತಾವೇ ಬಟ್ಟೆ ತೊಡಲಿ ಎಂದು ಗುಂಡಿಯ ಜಾಗಕ್ಕೆ ಜಿಪ್ಪು ಬಂತು. 1940ರ ಹೊತ್ತಿಗೆ ನಿಕರ್‌ಬಾಕರ್ ಹೆಚ್ಚುಕಡಿಮೆ ಮಾಯ. ಪುಟ್ಟ ಹುಡುಗನಿಗೂ ಉದ್ದ ಪ್ಯಾಂಟು ಸಿಕ್ಕಿತು. ಮೊದಲ ಬಾರಿಗೆ ಉದ್ದ ಪ್ಯಾಂಟು ತೊಟ್ಟು ಬೀದಿಗೆ ಬರುವ ದಿನವೆಂದರೆ ಹಿಂದಿನವರಿಗೆ ಹಬ್ಬ. ಏಣಿಯ ಆ ಮೆಟ್ಟಿಲು ಇಲ್ಲದಂತಾಯಿತು. ಆಮೇಲೆ ದನಗಾಹಿ ಕೌಬಾಯ್ ವೇಷ ಬಂತು. 1955ರಲ್ಲಿ ಡೇವಿ ಕ್ರಾಕೆಟ್ ಎಂಬ ಕಾಡಿನ ವೀರನ ಕಥೆ ಟಿ.ವಿ.ಯಲ್ಲಿ ಬಂದು, ಊರ ಹುಡುಗರೆಲ್ಲ ಬಾಲವಿರುವ ತುಪ್ಪಳದ ಟೋಪಿಗೆ ಹಟ ಹಿಡಿದರು. ಕೊನೆಗೆ ಹೊಲಗದ್ದೆಯ ಡೆನಿಮ್ ಬಟ್ಟೆಯೇ ಎಲ್ಲರ ಜೀನ್ಸ್ ಆಗಿ ಗೆದ್ದಿತು. 1971ರಲ್ಲಿ ಸಿಯರ್ಸ್ ‘ಟಫ್‌ಸ್ಕಿನ್ಸ್’ ಎಂಬ ಜೀನ್ಸ್ ತಂದಿತು. ಮೊಳಕಾಲಿಗೆ ಬಲವಾದ ಪದರ. ಹುಡುಗ ಬೆಳೆದು ಅದು ಗಿಡ್ಡವಾಗುವ ಮೊದಲೇ ಹರಿದರೆ ಬೇರೆಯದು ಕೊಡುತ್ತೇವೆ ಎಂಬ ಖಾತರಿ. ನೂರು ವರ್ಷ ಅಮ್ಮಂದಿರು ಹುಡುಗರ ಮೊಳಕಾಲಿನ ಜೊತೆ ನಡೆಸಿದ ಯುದ್ಧ ಒಂದು ಖಾತರಿ ಪತ್ರದಲ್ಲಿ ಬಂದು ನಿಂತಿತು!

1985ರಲ್ಲಿ ವಾರ್ಡ್ ಕ್ಯಾಟಲಾಗು ನಿಂತಿತು, 1993ರಲ್ಲಿ ಸಿಯರ್ಸ್‌ನ ದೊಡ್ಡ ಪುಸ್ತಕವೂ ನಿಂತಿತು.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಹಬ್ಬಕ್ಕೆ ಮೊಮ್ಮಗನಿಗೆ ಬಟ್ಟೆ ತರುವಾಗ ‘ಪಕ್ಕದ ಮನೆಯವನು ನೋಡು ಎಷ್ಟು ಎತ್ತರ’ ಎನ್ನುವುದನ್ನು ಬಿಡೋಣ. ಹೇಳಿದವರು ಸಂಜೆಗೆ ಮರೆಯುತ್ತೇವೆ, ಕೇಳಿಸಿಕೊಂಡವನು ಮರೆಯುವುದಿಲ್ಲ. ಮಕ್ಕಳಿಗೂ ಒಂದು ಮಾತು. ನಿಮ್ಮ ತರಗತಿಯಲ್ಲಿ ಯಾರಾದರೂ ಅಣ್ಣನ ಅಂಗಿ ತೊಟ್ಟು, ತೋಳು ಮಡಚಿಕೊಂಡು ಬಂದಿದ್ದರೆ ನಗಬೇಡಿ. ಅದನ್ನು ಒಗೆದು ಇಸ್ತ್ರಿ ಮಾಡಿ ಕಳಿಸಿದ ಒಬ್ಬರು ಅವನ ಮನೆಯಲ್ಲಿದ್ದಾರೆ.

ಈ ವಾರದ ಮನೆಗೆಲಸ: ಒಂದು ಟೇಪು ತನ್ನಿ. ಅಜ್ಜ ಅಥವಾ ಅಜ್ಜಿಯ ಕೈಯಲ್ಲಿ ನಿಮ್ಮ ಎತ್ತರ, ಎದೆಯ ಸುತ್ತು, ಸೊಂಟ, ಸೊಂಟದ ಕೆಳಗಿನ ಸುತ್ತು, ತೋಳು, ಕಾಲಿನ ಉದ್ದ ಅಳೆಯಿಸಿ. ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಟೇಪು ನೀವು ಹಿಡಿದು ಅವರನ್ನೂ ಅಳೆಯಿರಿ. ಮುಂದಿನ ಯುಗಾದಿಗೆ ಮತ್ತೆ ಅಳೆದು ಎರಡೂ ಸಾಲುಗಳನ್ನು ಪಕ್ಕಪಕ್ಕದಲ್ಲಿ ಇಡಿ. ನಿಮ್ಮ ಅಂಕಿ ಏರಿರುತ್ತದೆ. ಅಜ್ಜನ ಎತ್ತರ ಒಂದು ನೂಲಿನಷ್ಟು ಇಳಿದಿದ್ದರೆ ಅದನ್ನು ಮೆಲ್ಲಗೆ ಹೇಳಿ. ಹಾಗೇ, ಅವರು ಮೊದಲ ಸಲ ಉದ್ದ ಪ್ಯಾಂಟು ತೊಟ್ಟದ್ದು ಯಾವಾಗ, ಹೊಲಿದ ದರ್ಜಿ ಯಾರು, ಬಟ್ಟೆ ಎಲ್ಲಿಂದ ತಂದರು ಎಂದು ಕೇಳಿ, ಹತ್ತು ಸಾಲಿನಲ್ಲಿ ಬರೆದು ಸಂಪಾದಕರ ವಿಳಾಸಕ್ಕೆ ಕಳಿಸಿ. ಅಕ್ಷರ ದುಂಡಗಿಲ್ಲದಿದ್ದರೂ ಪರವಾಗಿಲ್ಲ, ನಾವು ಓದಿಕೊಳ್ಳುತ್ತೇವೆ.